ಹಲ್ಲು ಕೊರೆಯುವಾಗಿನ ‘ಅದುರು’, ತುಟಿಯ ‘ಜೋಮು’: ಕಿವಿ ಕೇಳದ ಮಕ್ಕಳಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ನಾನು ಮಕ್ಕಳ ಹಲ್ಲಿನ ಡಾಕ್ಟರು. ಕಿವಿ ಕೇಳದ ಮಕ್ಕಳಿಗೆಂದು ಚಿತ್ರದ ಕಾರ್ಡುಗಳನ್ನು ಮಾಡುತ್ತಿದ್ದೇನೆ. ಒಂದು ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಒಂದೋ ಎರಡೋ ಪದ. ಕುರ್ಚಿ, ಲೈಟು, ಕನ್ನಡಿ, ಹತ್ತಿ ಇವಕ್ಕೆ ತೊಂದರೆಯಿಲ್ಲ. ಮೂರು ಕಡೆ ಮಾತ್ರ ತಕ್ಕ ಪದ ಸಿಗುತ್ತಿಲ್ಲ.

ಮೊದಲನೆಯದು, ಹಲ್ಲು ಕೊರೆಯುವಾಗ ಆಗುವುದು. ಕಿವಿ ಕೇಳುವ ಮಗುವಿಗೆ "ಗುಂಯ್ ಅಂತ ಸದ್ದು ಬರುತ್ತೆ ಪುಟ್ಟಾ, ಹೆದರಬೇಡ" ಅಂದರೆ ಸಾಕು. ಗುಂಯ್, ಕರಕರ, ಟಕಟಕ ಹೀಗೆ ನಮ್ಮ ಅನುಕರಣಾವ್ಯಯಗಳಲ್ಲಿ ಸದ್ದಿನವು ಜಾಸ್ತಿ. ಈ ಮಕ್ಕಳಿಗೆ ಬೇಕಾಗಿರುವುದು ಮೈಗೆ ಗೊತ್ತಾಗುವುದರ ಪದ. ಯಂತ್ರ ಹಲ್ಲಿಗೆ ತಾಗಿದ ಕೂಡಲೇ ಅದರ ಅದುರು ದವಡೆಯ ಮೂಳೆಯಿಂದ ತಲೆಗೂ ಹಬ್ಬುತ್ತದೆ. ಏನಾಗುತ್ತಿದೆ ಎಂದು ತಿಳಿಯದ ಮಗು ಥಟ್ಟನೆ ತಲೆ ತಿರುಗಿಸಿಬಿಡುತ್ತದೆ. ಹಿಯರಿಂಗ್ ಏಡ್ ಇದ್ದರೆ ಅದು ಯಂತ್ರದ ಸದ್ದನ್ನೂ ದೊಡ್ಡದು ಮಾಡುತ್ತದೆ, ಕುರ್ಚಿಯ ದಿಂಬಿಗೆ ಒತ್ತಿದಾಗ ಸೀಟಿ ಹೊಡೆಯುತ್ತದೆ. ಹಾಗಾಗಿ ಎಷ್ಟೋ ಸಲ ಅದನ್ನು ತೆಗೆದಿಟ್ಟೇ ಕೆಲಸ ಶುರು ಮಾಡುತ್ತೇವೆ. ನಾನು ಮಾಸ್ಕ್ ಹಾಕಿಕೊಂಡ ಮೇಲೆ ತುಟಿಯೂ ಕಾಣುವುದಿಲ್ಲ. ಹೇಳಬೇಕಾದ್ದನ್ನೆಲ್ಲ ಮೊದಲೇ ಹೇಳಿ ಮುಗಿಸಿರಬೇಕು.

‘ನಡುಕ’ ಎಂದರೆ ಚಳಿ, ಹೆದರಿಕೆ ನೆನಪಾಗುತ್ತದೆ, ಅದು ಬೇಡ. ‘ಅದುರು’ ನನಗೆ ಇಷ್ಟ. ಆದರೆ ತುಟಿ ನೋಡಿ ಮಾತು ಹಿಡಿಯುವ ಮಗುವಿಗೆ ಅದು ಸಿಗುವುದು ಕಷ್ಟ. ದ, ರ ಎರಡೂ ಬಾಯೊಳಗೆ ನಾಲಿಗೆಯಲ್ಲೇ ಮುಗಿಯುತ್ತವೆ. (‘ಹಾಲುಹಲ್ಲು’ ಕೂಡ ಇಂಥದ್ದೇ. ಹಾಲು, ಹಲ್ಲು ಎರಡೂ ತುಟಿಯ ಮೇಲೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ.) ‘ಕಂಪನ’ ಪಠ್ಯಪುಸ್ತಕದ ಪದ ಅನಿಸಿದರೂ ಅದರಲ್ಲಿ ತುಟಿ ಮುಚ್ಚಿ ತೆರೆಯುವುದು ಕಾಣುತ್ತದೆ. ಕೆಲವು ತಾಯಂದಿರು ‘ವೈಬ್ರೇಟ್’ ಅಂತಲೇ ಹಾಕಿ ಎನ್ನುತ್ತಾರೆ. ಮನೆಯಲ್ಲಿ ದಿನಾ ಬಳಸುವ ಪದ, ಮೊಬೈಲನ್ನು ಮಗುವಿನ ಅಂಗೈಯಲ್ಲಿಟ್ಟು ತೋರಿಸಲೂಬಹುದು. ಸದ್ಯಕ್ಕೆ ನನ್ನ ಒಲವೂ ಅದರ ಕಡೆಗೇ. ಆದರೂ ಕೇಳುತ್ತೇನೆ: ಟ್ರ್ಯಾಕ್ಟರ್ ಮೇಲೆ ಕೂತಾಗ ಮೈಗೆ, ಬೋರ್‌ವೆಲ್ ಕೊರೆಯುವಾಗ ಕಾಲಡಿಯ ನೆಲಕ್ಕೆ ಆಗುವುದನ್ನು ನಿಮ್ಮ ಕಡೆ ಏನೆನ್ನುತ್ತಾರೆ?

ಎರಡನೆಯದು ಇನ್ನೂ ಮುಖ್ಯ. ಕೆಳದವಡೆಗೆ ಇಂಜೆಕ್ಷನ್ ಕೊಟ್ಟರೆ ಹಲ್ಲಿನ ಕೆಲಸ ಮುಗಿದ ಮೇಲೂ ತುಟಿಗೆ ಎರಡು ಮೂರು ಗಂಟೆ ಏನೂ ಗೊತ್ತಾಗುವುದಿಲ್ಲ. ಆ ಹೊತ್ತಿನಲ್ಲಿ ಮಕ್ಕಳು ತುಟಿಯನ್ನು ಅಗಿದುಬಿಡುತ್ತಾರೆ. ಆಮೇಲೆ ನೋಡಿದರೆ ಊತ, ಗಾಯ. ಇದನ್ನು ತಡೆಯುವುದಕ್ಕೇ ಒಂದು ಕಾರ್ಡು ಬೇಕು. ‘ಜೋಮು’ ಎಂದರೆ ಕಾಲಿಗೆ ಹಿಡಿಯುವುದು, ಅದರಲ್ಲಿ ಸೂಜಿ ಚುಚ್ಚಿದ ಹಾಗಾಗುವುದೂ ಸೇರಿದೆ. ಜೊತೆಗೆ ತಣ್ಣೀರು ಕುಡಿದರೆ ಹಲ್ಲು ‘ಜುಮ್’ ಅನ್ನುತ್ತದಲ್ವಾ, ಆ ಕಾರ್ಡೂ ಇದೆ. ಓದುವುದಕ್ಕೂ ತುಟಿ ನೋಡುವುದಕ್ಕೂ ಎರಡೂ ಕಲಸಿಹೋಗುತ್ತವೆ. ‘ಮರಗಟ್ಟಿದೆ’ ದೊಡ್ಡ ಮಕ್ಕಳಿಗೆ ಸರಿ. ಚಿಕ್ಕವರು ತಾವಾಗಿ ಹೇಳುವುದು ‘ತುಟಿ ದಪ್ಪ ಆಗಿದೆ’ ಎಂದು. ಆದರೆ ಕನ್ನಡಿಯಲ್ಲಿ ತುಟಿ ಮೊದಲಿನ ಹಾಗೇ ಇರುತ್ತದೆ. ಕಣ್ಣನ್ನೇ ನಂಬುವ ಮಗು ನನ್ನ ಕಾರ್ಡನ್ನು ನಂಬದೆ ಹೋದರೆ? ‘ತುಟಿ ಮಲಗಿದೆ, ಕಚ್ಚಬೇಡ’ ಅನ್ನಬಹುದು. ಸನ್ನೆಯೂ ಸುಲಭ, ಆಮೇಲೆ ಏಳುತ್ತದೆ ಎಂಬ ಧೈರ್ಯವೂ ಅದರಲ್ಲಿದೆ. ಇದು ನಿಮಗೆ ಸಹಜವಾಗಿ ಕೇಳಿಸುತ್ತದೆಯೇ?

ಮೂರನೆಯದು ‘ಹಲ್ಲಿಗೆ ಹುಳ ಹಿಡಿದಿದೆ’ ಎನ್ನುವ ಮಾತು. ಕಿವಿ ಕೇಳದ ಹೆಚ್ಚಿನ ಮಕ್ಕಳ ಅಪ್ಪ ಅಮ್ಮನಿಗೆ ಕಿವಿ ಕೇಳುತ್ತದೆ. ಸಂಜ್ಞಾ ಭಾಷೆ ಕಲಿಯದೆ ಮನೆಯ ಸನ್ನೆಗಳಲ್ಲೇ ಮಾತಾಡುವವರು ಬಹಳ. ಬೆರಳನ್ನು ಹುಳದಂತೆ ಆಡಿಸಿ ಬಾಯಿ ತೋರಿಸಿದರೆ ಮಗು ಏನು ತಿಳಿಯಬೇಕು? ಬಾಯೊಳಗೆ ನಿಜವಾಗಿ ಹುಳ ಹರಿದಾಡುತ್ತಿದೆ ಎಂದುಕೊಂಡರೆ, ತಿರುಗಿ ಕೇಳಿ ಅನುಮಾನ ಬಗೆಹರಿಸಿಕೊಳ್ಳಲು ಅದಕ್ಕೆ ದಾರಿಯೂ ಕಡಿಮೆ. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಿಹಿಯನ್ನು ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ, ಆಗುವುದು ಅಷ್ಟೇ. ‘ಹುಳುಕು’ ಒಳ್ಳೆಯ ಪದವೇ, ಆದರೆ ಓದುವ ಮಗುವಿಗೆ ಅದರೊಳಗೂ ಹುಳ ಕಾಣುತ್ತದೆ. ‘ತೂತು’ ಎಂದು ಬರೆಯೋಣವೆಂದರೆ ಶುರುವಿನಲ್ಲಿ ತೂತು ಇರುವುದಿಲ್ಲ, ಬರೀ ಬಿಳಿ ಮಚ್ಚೆ ಇರುತ್ತದೆ. ಆದರೂ ‘ತೂತು’ ಸಾಕು ಅನಿಸುತ್ತಿದೆ.

ಸನ್ನೆಗಳಿಗೆ ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ ತಂದ 10,000 ಪದಗಳ ನಿಘಂಟು ಇದೆ. ನನಗೆ ಬೇಕಾಗಿರುವುದು ಅದರ ಪಕ್ಕದಲ್ಲಿ ಬರೆಯುವ ಕನ್ನಡ. ನಿಮ್ಮ ಊರು ಯಾವ ಕಡೆ ಎಂದು ಸೇರಿಸಿ ಪದ ಬರೆಯಿರಿ. ಕಿವಿ ಕೇಳದವರೇ ಇದನ್ನು ಓದುತ್ತಿದ್ದರೆ, ಚಿಕ್ಕಂದಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ನಿಮಗೆ ಯಾರು, ಹೇಗೆ ತಿಳಿಸಿದರು ಎಂಬುದನ್ನೂ ಬರೆದರೆ ತುಂಬಾ ಉಪಕಾರ.