ಕಾರಿನ ಡೋರ್ ಪ್ಯಾಡ್: ಬಿಚ್ಚೋದಾ, ಕಳಚೋದಾ, ಕೀಳೋದಾ?

ಗೆಳೆಯರೇ,

ನನ್ನ ಅಣ್ಣನ ಮಗ ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಓದುತ್ತಿದ್ದಾನೆ. ಕಾರಿನ ಬಾಗಿಲಿನ ಒಳಗಡೆಯ ಪ್ಯಾನೆಲ್ (ಗ್ಯಾರೇಜಿನ ಮಾತಲ್ಲಿ ಡೋರ್ ಪ್ಯಾಡ್) ಬಿಚ್ಚಿ ಮತ್ತೆ ಹಾಕುವುದು ಹೇಗೆ ಅಂತ ತನ್ನ ಜೊತೆಯ ಹುಡುಗರಿಗಾಗಿ ಒಂದು ಪುಟ ಬರೆದಿದ್ದ. 'ಚಿಕ್ಕಪ್ಪ, ಕನ್ನಡ ಸರಿ ಇದ್ಯಾ ನೋಡಿ' ಅಂತ ಕಳಿಸಿದ. ಮೊದಲ ಸಾಲು ಹೀಗಿತ್ತು: 'ಬಾಗಿಲಿನ ಆಂತರಿಕ ಫಲಕವನ್ನು ತೆಗೆದುಹಾಕಿ.' ಕೊನೆಯ ಸಾಲು: 'ಫಲಕವನ್ನು ಮರುಸ್ಥಾಪಿಸಿ.' ಇಂಗ್ಲಿಷ್ ಪುಟವೊಂದನ್ನು ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡು ಅಲ್ಲಿಂದ ಪದ ತಗೊಂಡಿದ್ದನಂತೆ.

ವ್ಯಾಕರಣದ ತಪ್ಪೇನೂ ಇಲ್ಲ. ಆದರೆ 'ತೆಗೆದುಹಾಕು' ಅನ್ನುವುದು ಮತ್ತೆ ಬೇಡವಾದದ್ದಕ್ಕೆ. ಮತದಾರರ ಪಟ್ಟಿಯಿಂದ ಹೆಸರು ತೆಗೆದುಹಾಕುತ್ತಾರೆ, ಕೆಲಸದಿಂದ ತೆಗೆದುಹಾಕುತ್ತಾರೆ. ಇಲ್ಲಿ ಅದೇ ಪ್ಯಾನೆಲ್ ಅರ್ಧ ಗಂಟೆಯಲ್ಲಿ ಅದೇ ಜಾಗಕ್ಕೆ ಬರಬೇಕು. 'ಫಲಕ' ಅಂದರೆ ಅಂಗಡಿ ಮುಂದಿನ ನಾಮಫಲಕ ಕಣ್ಣಿಗೆ ಬರುತ್ತದೆ. 'ಮರುಸ್ಥಾಪಿಸು' ರೈಲು ಸಂಚಾರಕ್ಕೆ, ಕರೆಂಟಿಗೆ, ಶಾಂತಿಗೆ ಸರಿ.

ಭಾನುವಾರ ಅವನನ್ನೇ ಮನೆಗೆ ಕರೆದೆ. ನಮ್ಮ ಹಳೇ ಕಾರಿನಲ್ಲಿ ಗಾಜು ಕೈಯಲ್ಲೇ ತಿರುಗಿಸಬೇಕು. ಅದು ಹೇಗೂ ಸಿಕ್ಕಿಹಾಕಿಕೊಂಡಿತ್ತು. 'ಇದನ್ನು ಬಿಚ್ಚು, ಬಿಚ್ಚುತ್ತಾ ನಿನ್ನ ಕೈ ಏನು ಮಾಡ್ತಿದೆ ಅಂತ ಬಾಯಲ್ಲಿ ಹೇಳು' ಅಂದೆ. ಅವನು ಹೇಳುತ್ತಾ ಹೋದ, ನಾನು ಬರೆದುಕೊಂಡೆ. ಇಡೀ ಕೆಲಸದಲ್ಲಿ ಒಂದು ಸಲವೂ 'ತೆಗೆದುಹಾಕು' ಬರಲಿಲ್ಲ.

ಕೈ ಇಡುವ ಹಿಡಿಯ ಹಿಂದೆ ಎರಡು ಸ್ಕ್ರೂ ಇದ್ದವು. ಅವನ್ನು 'ಬಿಚ್ಚಿದ'. ಗಾಜು ತಿರುಗಿಸುವ ಹ್ಯಾಂಡಲ್ಲಿಗೆ ಸ್ಕ್ರೂ ಇರಲಿಲ್ಲ. ಅದರ ಹಿಂದೆ ಕುದುರೆ ಲಾಳದ ಆಕಾರದ ಒಂದು ಪುಟ್ಟ ಸ್ಪ್ರಿಂಗ್ ಇರುತ್ತದೆ. ಹ್ಯಾಂಡಲ್ ಹಿಂದೆ ಹಳೇ ಬಟ್ಟೆ ತೂರಿಸಿ, ಎರಡೂ ತುದಿ ಹಿಡಿದು ಆ ಕಡೆ ಈ ಕಡೆ ಎಳೆದಾಡಿದ. ಬಟ್ಟೆಗೆ ಸಿಕ್ಕಿಕೊಂಡು ಸ್ಪ್ರಿಂಗ್ ಚಿಮ್ಮಿ ಬಂತು. 'ಈಗ ಹ್ಯಾಂಡಲ್ ಕಳಚಿತು ನೋಡಿ' ಅಂದ. ಆಮೇಲೆ ಪ್ಯಾನೆಲ್ಲಿನ ಅಂಚಿಗೆ ಚಪ್ಪಟೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಅದನ್ನು ಬಾಗಿಲಿಗೆ ಹಿಡಿದಿಡುವ ಕ್ಲಿಪ್ಪುಗಳನ್ನು ಒಂದೊಂದಾಗಿ 'ಮೀಟಿದ'. ಕೆಳಗಿನಿಂದ ಶುರು ಮಾಡಿ ಸುತ್ತ ಬಂದ. ಎಲ್ಲಾ ಬಿಟ್ಟುಕೊಂಡ ಮೇಲೆ ಪ್ಯಾನೆಲ್ಲನ್ನು ನೇರ ತನ್ನ ಕಡೆಗೆ ಎಳೆಯಲಿಲ್ಲ, ಮೇಲಕ್ಕೆ 'ಎತ್ತಿದ'. ಯಾಕೆಂದರೆ ಅದರ ಮೇಲಂಚು ಗಾಜಿನ ಬುಡದಲ್ಲಿ ತಗುಲಿಕೊಂಡಿರುತ್ತದೆ. ಸ್ಪೀಕರಿನ ವೈರನ್ನು 'ಬಿಡಿಸಿದ'. ಹಿಂದಿನ ಪ್ಲಾಸ್ಟಿಕ್ ಹಾಳೆಯ ಅಂಟನ್ನು ಹರಿಯದ ಹಾಗೆ 'ಎಬ್ಬಿಸಿದ'.

ಇಂಗ್ಲಿಷಿನ ಆ ಪುಟದಲ್ಲಿ ಬಹುಪಾಲು ಕಡೆ ಒಂದೇ ಕ್ರಿಯಾಪದ ಇತ್ತು. ಹುಡುಗನ ಬಾಯಲ್ಲಿ ಆರು ಬಂದವು. ನನಗೆ ಕಂಡದ್ದು ಇಷ್ಟು: ವಸ್ತು ಹೇಗೆ ಹಿಡಿದುಕೊಂಡಿದೆ ಅನ್ನುವುದರ ಮೇಲೆ ಕನ್ನಡದ ಪದ ಬದಲಾಗುತ್ತದೆ. ಕಟ್ಟಿದ್ದು, ತಿರುಗಿಸಿ ಬಿಗಿದದ್ದು ಆದರೆ ಬಿಚ್ಚು. ಗಂಟು ಬಿಚ್ಚುತ್ತೇವೆ, ನಟ್ಟು ಬಿಚ್ಚುತ್ತೇವೆ. ತೊಡಿಸಿದ್ದು, ಸಿಕ್ಕಿಸಿದ್ದು ಜಾರಿ ಬಂದರೆ ಕಳಚು. ಹಾವು ಪೊರೆ ಕಳಚುತ್ತದೆ, ಸರಪಳಿಯ ಕೊಂಡಿ ಕಳಚುತ್ತದೆ. ಹಳಗನ್ನಡದ 'ಕೞಲ್' ಅಂದರೆ ಸಡಿಲವಾಗು, ಜಾರು. ಅದನ್ನು ಮಾಡಿಸುವ ರೂಪವೇ 'ಕೞಲ್ಚು', ನಮ್ಮ ಕಳಚು. ಬೇರು ಬಿಟ್ಟದ್ದನ್ನು ಬಲ ಹಾಕಿ ತೆಗೆದರೆ ಕೀಳು: ಹಲ್ಲು, ಕಳೆ, ಮೊಳೆ. ಒಂದಕ್ಕೊಂದು ಅಂಟಿಕೊಂಡದ್ದನ್ನು ನಾಜೂಕಾಗಿ ಬೇರೆ ಮಾಡಿದರೆ ಬಿಡಿಸು: ಹಲಸಿನ ತೊಳೆ, ಅವರೆಕಾಯಿ, ವೈರಿನ ಕನೆಕ್ಟರ್. ಇನ್ನು ಮೀಟು ಅಂತೂ ಎಷ್ಟು ಚೆನ್ನಾಗಿದೆ! ಹಾರೆಯಲ್ಲಿ ಬಂಡೆ ಮೀಟುವುದಕ್ಕೂ ವೀಣೆಯ ತಂತಿ ಮೀಟುವುದಕ್ಕೂ ಒಂದೇ ಮಾತು. ತುದಿಯಲ್ಲಿ ಸ್ವಲ್ಪವೇ ಒತ್ತಿ ಎಬ್ಬಿಸುವುದು, ಅಷ್ಟೇ.

ಈ ವ್ಯತ್ಯಾಸ ಬರೀ ಭಾಷೆಯ ಸೊಗಸಿಗಲ್ಲ. 'ಪ್ಯಾನೆಲ್ ಕಿತ್ತುಬಿಡಿ' ಅಂತ ಬರೆದರೆ ಓದಿದ ಹುಡುಗ ಕಿತ್ತೇ ಬಿಡುತ್ತಾನೆ. ಹಳೇ ಕಾರುಗಳಲ್ಲಿ ರೆಕ್ಸಿನ್ ಹೊದಿಸಿದ ಹಾರ್ಡ್‌ಬೋರ್ಡ್ ಇರುತ್ತದೆ. ನೀರು ಕುಡಿದು ಮೆತ್ತಗಾಗಿದ್ದರೆ ಕ್ಲಿಪ್ ಬಾಗಿಲಿನಲ್ಲೇ ಉಳಿದು ಬೋರ್ಡು ಹರಿದು ಬರುತ್ತದೆ. 'ಕ್ಲಿಪ್ಪಿನ ಪಕ್ಕದಲ್ಲೇ ಮೀಟಿ, ಆಮೇಲೆ ಕಳಚಿ' ಅಂತ ಬರೆದರೆ ಎಷ್ಟು ಬಲ ಹಾಕಬೇಕು ಅನ್ನುವುದು ಪದದಲ್ಲೇ ಬಂತು, ಅಲ್ವಾ?

ಮತ್ತೆ ಹಾಕುವುದಕ್ಕೆ ಗ್ಯಾರೇಜಿನಲ್ಲಿ 'ಫಿಟ್ ಮಾಡು' ಅಂತಾರೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹುಡುಗ ಕೆಲಸ ಮಾಡುತ್ತಾ ಬಳಸಿದ್ದು 'ಕೂರಿಸು'. ಹಾಳೆ ಅಂಟಿಸಿದ, ವೈರ್ ಸಿಕ್ಕಿಸಿದ, ಮೇಲಂಚು ತಗುಲಿಸಿದ, ಕ್ಲಿಪ್ಪುಗಳನ್ನು ತೂತಿನ ನೇರಕ್ಕೆ ತಂದು ಅಂಗೈಯಲ್ಲಿ ಗುದ್ದಿ ಗುದ್ದಿ ಕೂರಿಸಿದ. ಸ್ಕ್ರೂ ಕೊನೆಗೆ. ಸ್ಪ್ರಿಂಗನ್ನು ಮೊದಲೇ ಹ್ಯಾಂಡಲ್ಲಿಗೆ ಸಿಕ್ಕಿಸಿಟ್ಟು ಒಂದು ಏಟು ಕೊಟ್ಟ. ಟಕ್ ಅಂತ ಕೂತಿತು. ಗಣಪತಿ ಕೂರಿಸುತ್ತೇವೆ, ದಸರೆಗೆ ಗೊಂಬೆ ಕೂರಿಸುತ್ತೇವೆ. ಆಹ್ವಾನ ಪತ್ರಿಕೆಯಲ್ಲಿ ಮಾತ್ರ ಅದು ಪ್ರತಿಷ್ಠಾಪನೆ ಆಗುತ್ತದೆ. ದರ್ಜಿ ಕಾಲರ್ ಸರಿಯಾಗಿ ಕೂತಿಲ್ಲ ಅಂತಾನೆ. ಹಾಗಾಗಿ 'ಮರುಸ್ಥಾಪಿಸಿ' ಇದ್ದ ಕಡೆ 'ಮತ್ತೆ ಕೂರಿಸಿ' ಅಂತ ತಿದ್ದಿದೆ.

ಹೆಸರುಗಳ ವಿಷಯದಲ್ಲಿ ನನಗೆ ಅಷ್ಟು ಹಟ ಇಲ್ಲ. ಗ್ಯಾರೇಜಿನವರು ಪ್ಯಾನೆಲ್ಲಿಗೆ 'ಡೋರ್ ಪ್ಯಾಡ್' ಅಂತಾರೆ, ಗಾಜು ಏರಿಸುವ ಒಳಗಿನ ಸಾಧನಕ್ಕೆ 'ಗ್ಲಾಸ್ ಮಿಷಿನ್', ಗಾಜಿನ ಅಂಚಿನ ರಬ್ಬರಿಗೆ 'ಬೀಡಿಂಗ್'. ಅಂಗಡಿಯಲ್ಲಿ ಸಾಮಾನು ಕೇಳುವಾಗ ಈ ಮಾತೇ ಬೇಕು. 'ಒಳಹೊದಿಕೆ' ಅಂತ ಒಮ್ಮೆ ಬರೆದು ನೋಡಿದೆ. ಓದಲು ಚೆಂದ, ಆದರೆ ಸಾಮಾನು ಸಿಗುವುದಿಲ್ಲ. ಡೋರ್ ಪ್ಯಾಡ್ ಅಂತಲೇ ಬಿಟ್ಟೆ. ಕ್ರಿಯಾಪದಗಳನ್ನು ಮಾತ್ರ ಬಿಟ್ಟುಕೊಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಕಡೆ ಮಾತ್ರ ಸಿಕ್ಕಿಕೊಂಡಿದ್ದೇನೆ. ಆ ಕ್ಲಿಪ್ಪಿಗೆ ಏನನ್ನಬೇಕು? ನಮ್ಮ ಹುಡುಗ 'ಲಾಕ್' ಅಂತಾನೆ. ಆದರೆ ಬಾಗಿಲಿಗೇ ಬೇರೆ ಲಾಕ್ ಇದೆಯಲ್ಲ. 'ಲಾಕ್ ಮುರಿಯದಂತೆ ಮೀಟಿ' ಅಂತ ಓದಿದರೆ ಯಾವುದು ಅಂತ ಗೊತ್ತಾಗುವುದಿಲ್ಲ. ಕೆಲಸ ನೋಡಿದರೆ ಅದು ರವಿಕೆಯ ಟಿಚ್ ಬಟನ್ ಇದ್ದ ಹಾಗೆ: ಒತ್ತಿದರೆ ಕೂರುತ್ತದೆ, ಎಳೆದರೆ ಬಿಡುತ್ತದೆ. 'ಒತ್ತುಗುಂಡಿ' ಅಂದರೆ ಸ್ವಿಚ್ಚು ಅಂದುಕೊಳ್ಳುತ್ತಾರೆ. 'ಗೂಟ' ದೊಡ್ಡದಾಯಿತು. ವೀಣೆಯ 'ಬಿರಡೆ' ಇಷ್ಟವಾಯಿತು, ಆದರೆ ಅದು ತಿರುಗಿಸುವಂಥದ್ದು, ಇದು ಒತ್ತುವಂಥದ್ದು.

ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯ ಗ್ಯಾರೇಜುಗಳಲ್ಲಿ ಈ ಕ್ಲಿಪ್ಪಿಗೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ. ಧಾರವಾಡದ ಕಡೆ ಬಿಚ್ಚುವುದಕ್ಕೆ 'ಉಚ್ಚು' ಅನ್ನುವುದನ್ನು ಕೇಳಿದ್ದೇನೆ. ಅದನ್ನು ಸ್ಕ್ರೂವಿಗೂ ಹೇಳುತ್ತೀರಾ, ಗಂಟಿಗೆ ಮಾತ್ರವಾ? ಹುಡುಗ ಮುಂದಿನ ವಾರ ಪುಟದ ಪ್ರತಿ ತೆಗೆಸಿ ಹಂಚುತ್ತಾನಂತೆ. ಅಷ್ಟರಲ್ಲಿ ಗೊತ್ತಾದರೆ ಸೇರಿಸುತ್ತೇವೆ.