ಬಸ್ಸಿಗೂ ಬೆಟ್ಟಕ್ಕೂ ಒಂದೇ ಸ್ಟೀಲ್ ಬಾಟಲ್ ನಡೆಯುತ್ತಾ?

ಚಿಕ್ಕಬಳ್ಳಾಪುರ ಪ್ಯಾಸೆಂಜರ್:

ಎಲ್ಲರಿಗೂ ನಮಸ್ಕಾರ. ಪ್ಲಾಸ್ಟಿಕ್ ಬಾಟಲ್ ಬಿಟ್ಟು ಸ್ಟೀಲ್ ತಗೋಬೇಕು ಅಂತಿದ್ದೀನಿ. ಬಳಕೆ ಎರಡು ಥರ. ವಾರದ ದಿನಗಳಲ್ಲಿ ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಬಸ್ಸು. ಬೆಳಗ್ಗೆ ಬಿಸಿ ಜೀರಿಗೆ ನೀರು, ಮಧ್ಯಾಹ್ನ ಮಾಮೂಲಿ ನೀರು. ಬಾಟಲ್ ಲ್ಯಾಪ್‌ಟಾಪ್ ಬ್ಯಾಗಲ್ಲೇ ಇರುತ್ತೆ. ರಜೆ ದಿನ ಸ್ಕಂದಗಿರಿ, ಮಧುಗಿರಿ, ಅಂತರಗಂಗೆ ಕಡೆ ಬೆಟ್ಟ ಹತ್ತೋದು.

ಅಂಗಡೀಲಿ ಒಂದು ಲೀಟರ್‌ದು ಮೂರು ಥರ ತೋರಿಸಿದ್ರು: ಒಂದೇ ಪದರದ ಸ್ಟೀಲ್, ಬಿಸಿ-ತಣ್ಣಗೆ ಇಡೋ ಎರಡು ಪದರದ ವ್ಯಾಕ್ಯೂಮ್ ಬಾಟಲ್, ತಾಮ್ರದ್ದು. ಬಜೆಟ್ 1200 ರೂಪಾಯಿ. ಒಂದರಲ್ಲೇ ಎರಡೂ ಕೆಲಸ ಆಗುತ್ತಾ? ಎಲ್ಲದರ ಮೇಲೂ ‘304’ ಅಂತ ಬರೆದಿರುತ್ತೆ, ಮ್ಯಾಗ್ನೆಟ್ ಇಟ್ಟು ನೋಡಿದ್ರೆ ಗೊತ್ತಾಗುತ್ತಾ? ಇನ್ನೊಂದು ವಿಷಯ, ಮನೇಲಿ ಕುಡಿಯೋಕೆ ಫಿಲ್ಟರ್ ಘಟಕದ ಕ್ಯಾನ್ ನೀರು ಇದ್ರೂ ತೊಳೆಯೋದೆಲ್ಲ ಬೋರ್ ನೀರಲ್ಲಿ. ಈಗಿರೋ ಸ್ಟೀಲ್ ಜಗ್ಗಿನ ತಳದಲ್ಲಿ ಬಿಳಿ ಪದರ ಕೂತಿದೆ. ಬಾಟಲ್‌ಗೂ ಹೀಗೇ ಆಗುತ್ತಾ?

ಮಂಡಿಪೇಟೆ ಪಾತ್ರೆ:

ಮ್ಯಾಗ್ನೆಟ್ ನಂಬಬೇಡಿ ಸರ್. 304 ಅಂದ್ರೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರೋ ಸ್ಟೀಲ್, ಅದಕ್ಕೇ ಕೆಲವರು 18/8 ಅಂತ ಬರೀತಾರೆ. ಅಗ್ಗದ ಬಾಟಲ್‌ಗೆ ಹಾಕೋದು 200 ಸರಣಿ. ನಿಕ್ಕಲ್ ಕಮ್ಮಿ ಮಾಡಿ ಆ ಜಾಗಕ್ಕೆ ಮ್ಯಾಂಗನೀಸ್ ತುಂಬಿರ್ತಾರೆ, ಮಾರ್ಕೆಟ್ಟಲ್ಲಿ ಜೆ4 ಅಂತ ಕರೆಯೋ ತಗಡು ಈ ಜಾತಿಯದ್ದು. ಎರಡಕ್ಕೂ ಮ್ಯಾಗ್ನೆಟ್ ಹಿಡಿಯಲ್ಲ. ತಮಾಷೆ ಏನಂದ್ರೆ, ಅಸಲಿ 304 ತಗಡನ್ನ ಅಚ್ಚಲ್ಲಿ ಎಳೆದು ಬಾಗಿಸಿದ ಜಾಗದಲ್ಲಿ, ಅಂದ್ರೆ ಕುತ್ತಿಗೆ ಮತ್ತು ತಳದ ಅಂಚಲ್ಲಿ, ಮ್ಯಾಗ್ನೆಟ್ ಸ್ವಲ್ಪ ಎಳೆಯುತ್ತೆ. ಅದನ್ನ ನೋಡಿ ಒಳ್ಳೇ ಮಾಲನ್ನ ವಾಪಸ್ ಇಟ್ಟು ಹೋಗೋರಿದ್ದಾರೆ. ಮೈಯೆಲ್ಲಾ ಗಟ್ಟಿಯಾಗಿ ಕಚ್ಚಿಕೊಂಡ್ರೆ ಮಾತ್ರ ಅದು 400 ಸರಣಿ, ಬಿಟ್ಟುಬಿಡಿ.

200 ಸರಣಿ ವಿಷ ಅಲ್ಲ. ಆದ್ರೆ ಬೆಸುಗೆ ಗೆರೆ, ಬಾಯಿಯ ಅಂಚು, ಈ ಎರಡು ಕಡೆ ಬೇಗ ಕಂದು ಚುಕ್ಕೆ ಬರುತ್ತೆ. ನಿಂಬೆ, ಉಪ್ಪು ಸೋಕಿದ್ರೆ ಇನ್ನೂ ಬೇಗ. ನಿಮ್ಮ ಬೋರ್ ನೀರಲ್ಲಿ ಲವಣ ಜಾಸ್ತಿ ಇರೋದ್ರಿಂದ 304ಕ್ಕೆ ಸ್ವಲ್ಪ ಹೆಚ್ಚು ಕೊಟ್ರೂ ದಂಡ ಅಲ್ಲ. 316 ಅಂತ ಇನ್ನೊಂದಿದೆ, ಅದಕ್ಕೆ ಮಾಲಿಬ್ಡಿನಂ ಸೇರಿಸಿರ್ತಾರೆ, ಉಪ್ಪಿಗೆ ಚೆನ್ನಾಗಿ ತಡೆಯುತ್ತೆ. ಬರೀ ನೀರು ಹೊರೋಕೆ ಅಷ್ಟು ದುಡ್ಡು ಬೇಡ.

ಬಾಟಲ್ ಮೇಲಿನ ಬರಹಕ್ಕಿಂತ ಐಎಸ್‌ಐ ಗುರುತು ನೋಡಿ. ಒಂದೇ ಪದರದ ನೀರಿನ ಬಾಟಲ್‌ಗೆ ಐಎಸ್ 17803, ಸ್ಟೀಲ್ ವ್ಯಾಕ್ಯೂಮ್ ಫ್ಲಾಸ್ಕ್‌ಗೆ ಐಎಸ್ 17526. ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗೋ ನಂಬರ್ ಇರುತ್ತೆ. ಅದನ್ನ ಈ ಗುರುತು ಕೊಡೋ ಬಿಐಎಸ್ ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದ್ರೆ ತಯಾರಕರ ಹೆಸರು, ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಇಲ್ಲವಾ ಅಂತ ಬರುತ್ತೆ. ಅಂಗಡೀಲೇ ನಿಂತು ನೋಡಬಹುದು, ಎರಡು ನಿಮಿಷದ ಕೆಲಸ.

ಆಮೇಲೆ ಮೊಬೈಲ್ ಟಾರ್ಚ್ ಹಾಕಿ ಒಳಗೆ ನೋಡಿ. ಬೆಸುಗೆ ಗೆರೆ ನುಣ್ಣಗಿರಬೇಕು, ಕಪ್ಪು ಕಲೆ, ಪೊಟರೆ ಇರಬಾರದು. ಬಾಯಿಯ ಅಂಚಿನ ಸುತ್ತ ಬೆರಳಾಡಿಸಿ, ಕೊಯ್ಯೋ ಹಾಗಿದ್ರೆ ಬೇಡ. ಮುಚ್ಚಳ ಎರಡು ಸುತ್ತಾದ್ರೂ ತಿರುಗಿ ಕೂರಬೇಕು. ಅರ್ಧ ಸುತ್ತಿಗೇ ಬಿಗಿಯಾಗೋದು ಬಸ್ಸಿನ ಕುಲುಕಾಟಕ್ಕೆ ಸಡಿಲ ಆಗುತ್ತೆ.

ವ್ಯಾಕ್ಯೂಮ್ ಬಾಟಲ್ ಆದ್ರೆ ತಂದ ದಿನವೇ ಪರೀಕ್ಷೆ ಮಾಡಿ, ಬಿಲ್ ಇಟ್ಕೊಳ್ಳಿ. ಕುದಿಯೋ ನೀರನ್ನ ಮೇಲೆ ಎರಡು ಬೆರಳು ಜಾಗ ಬಿಟ್ಟು ತುಂಬಿ, ಮುಚ್ಚಿ, ಐದು ನಿಮಿಷ ಬಿಟ್ಟು ಹೊರಮೈ ಮುಟ್ಟಿ. ಕುತ್ತಿಗೆ ಬೆಚ್ಚಗಿದ್ರೆ ಸರಿ, ಎರಡು ಪದರ ಸೇರೋದೇ ಅಲ್ಲಿ. ಹೊಟ್ಟೆ ಅಥವಾ ತಳ ಬಿಸಿಯಾದ್ರೆ ಪದರಗಳ ನಡುವೆ ನಿರ್ವಾತ ಇಲ್ಲ, ಗಾಳಿ ಸೇರಿದೆ ಅಂತಲೇ ಅರ್ಥ, ಅದನ್ನ ರಿಪೇರಿ ಮಾಡೋರು ಯಾರೂ ಇಲ್ಲ, ಬದಲಾಯಿಸಿಕೊಳ್ಳೋದೇ ದಾರಿ.

‘ಒಳಗೆ ತಾಮ್ರದ ಲೇಪನ’ ಅಂತ ಡಬ್ಬಿ ಮೇಲೆ ಬರೆದಿರೋದನ್ನ ನೋಡಿ ತಾಮ್ರದ ನೀರು ಸಿಗುತ್ತೆ ಅಂದ್ಕೋಬೇಡಿ. ಆ ಲೇಪನ ಎರಡು ಪದರದ ನಡುವೆ ಇರೋದು, ಶಾಖ ತಡೆಯೋಕೆ. ನೀರಿಗೆ ತಾಗಲ್ಲ.

ಏಕಶಿಲೆ:

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಒಂದರಲ್ಲೇ ಎರಡೂ ಕೆಲಸ ಮಾಡಿಸೋಕೆ ಹೋದ್ರೆ ಎರಡೂ ಕೆಡುತ್ತೆ. 1200ರಲ್ಲಿ ಬಸ್ಸಿಗೆ 500 ಎಂಎಲ್ ವ್ಯಾಕ್ಯೂಮ್, ಬೆಟ್ಟಕ್ಕೆ ಒಂದು ಲೀಟರ್ ಒಂದೇ ಪದರದ್ದು, ಎರಡೂ ಬರುತ್ತೆ.

ತೂಕ ನೋಡಿ. ಒಂದು ಲೀಟರ್ ಒಂದೇ ಪದರದ ಬಾಟಲ್ ಖಾಲಿ ಇದ್ದಾಗ ಸುಮಾರು 200 ಗ್ರಾಂ. ಅದೇ ಅಳತೆಯ ವ್ಯಾಕ್ಯೂಮ್ ಬಾಟಲ್ 400ರಿಂದ 500 ಗ್ರಾಂ ತೂಗುತ್ತೆ. ಮಧುಗಿರಿಗೆ ತಲೆಗೆ ಎರಡು ಲೀಟರ್ ಇಲ್ಲದೆ ಹೋಗೋ ಹಾಗಿಲ್ಲ. ಬೋಳು ಬಂಡೆ, ನೆರಳಿಲ್ಲ, ಕೋಟೆ ದಾಟಿದ ಮೇಲೆ ಕುಡಿಯೋ ನೀರಿನ ಭರವಸೆ ಇಲ್ಲ. ಎರಡು ವ್ಯಾಕ್ಯೂಮ್ ಬಾಟಲ್ ಅಂದ್ರೆ ಖಾಲಿ ಸ್ಟೀಲೇ ಒಂದು ಕಿಲೋ ಹತ್ತಿರ. ಬಿಸಿಲಲ್ಲಿ ಗಂಟೆಗೆ ಅರ್ಧ ಲೀಟರ್ ಲೆಕ್ಕ ಹಾಕಿ, ಇಳಿಯೋಕೂ ಅಷ್ಟೇ ಉಳಿಸಿಕೊಳ್ಳಿ. ಕಂಬಿ ಹಿಡ್ಕೊಂಡು ಹತ್ತೋ ಕಡೆ ಎರಡೂ ಕೈ ಬೇಕು, ಬಾಟಲ್ ಕೈಯಲ್ಲಿ ಹಿಡಿದು ಹತ್ತೋ ಯೋಚನೆ ಬೇಡ.

ಒಂದೇ ಪದರದ್ದರಲ್ಲಿ ನೀರು ಕಾಯುತ್ತಲ್ಲ ಅಂತ ಕೇಳ್ತೀರ. ಹತ್ತಿ ಬಟ್ಟೆ ಒದ್ದೆ ಮಾಡಿ ಬಾಟಲ್‌ಗೆ ಸುತ್ತಿ, ಅಥವಾ ಹಳೇ ಹತ್ತಿ ಕಾಲುಚೀಲ ಏರಿಸಿ, ಬ್ಯಾಗಿನ ಹೊರಗಿನ ಜೇಬಲ್ಲಿ ಗಾಳಿಗೆ ಇಡಿ. ನಮ್ಮ ಕಡೆ ಬೇಸಿಗೆ ಗಾಳಿ ಒಣ, ಬಟ್ಟೆ ಆರುವಾಗ ನೀರು ತಣ್ಣಗಾಗುತ್ತೆ. ಬಟ್ಟೆ ಒಣಗಿದ ಹಾಗೆ ಒಂದು ಗುಟುಕು ಚಿಮುಕಿಸಿದ್ರೆ ಸಾಕು. ಮಳೆಗಾಲದಲ್ಲಿ ಈ ಉಪಾಯ ನಡೆಯಲ್ಲ, ಆಗ ಅದರ ಅಗತ್ಯವೂ ಇಲ್ಲ. ವ್ಯಾಕ್ಯೂಮ್ ಬಾಟಲ್‌ಗೆ ಬಟ್ಟೆ ಸುತ್ತೋದು ದಂಡ, ಹೊರಗಿನ ತಂಪು ಒಳಗೆ ಹೋಗೋದೇ ಇಲ್ಲ.

ಒಂದೇ ಪದರದ್ದಕ್ಕೆ ಇನ್ನೊಂದು ಅನುಕೂಲ: ಬಣ್ಣ ಇಲ್ಲದ ಬರೀ ಸ್ಟೀಲ್ ಆಗಿದ್ರೆ ಮುಚ್ಚಳ ತೆಗೆದು ಒಲೆ ಮೇಲೆ ನೀರು ಕಾಯಿಸಬಹುದು. ವ್ಯಾಕ್ಯೂಮ್ ಬಾಟಲ್‌ನ ಬೆಂಕಿ ಮೇಲೆ ಯಾವತ್ತೂ ಇಡಬೇಡಿ, ಹಾಳಾಗುತ್ತೆ, ಸಿಡಿಯಲೂಬಹುದು. ಫ್ರೀಜರ್‌ಗೂ ಇಡಬಾರದು. ಅಂದಹಾಗೆ ಸ್ಕಂದಗಿರಿ ಅರಣ್ಯ ಇಲಾಖೆ ವ್ಯಾಪ್ತಿಯ ದಾರಿ, ಅಲ್ಲಿ ಬೆಂಕಿ ಹಾಕೋ ಹಾಗೇ ಇಲ್ಲ.

ಅಂತರಗಂಗೆ ಗುಹೆಗಳಲ್ಲಿ ಪಕ್ಕದ ಜೇಬಲ್ಲಿ ಬಾಟಲ್ ಇಟ್ರೆ ಬಂಡೆಗೆ ಉಜ್ಜಿ ನಗ್ಗುತ್ತೆ, ಕೆಲವು ಸಂದಿಯಲ್ಲಿ ಬ್ಯಾಗೇ ಸಿಕ್ಕಿಹಾಕಿಕೊಳ್ಳುತ್ತೆ. ಒಳಗೆ, ಬೆನ್ನಿಗೆ ಹತ್ತಿರ ಇಡಿ. ಕೋತಿಗಳ ಕಾಟಕ್ಕೂ ಅದೇ ಮದ್ದು. ಅಲ್ಲೂ, ನಂದಿಯಲ್ಲೂ, ದೇವರಾಯನದುರ್ಗದಲ್ಲೂ ಅವಕ್ಕೆ ಬಾಟಲ್ ಅಂದ್ರೆ ಏನು ಅಂತ ಚೆನ್ನಾಗಿ ಗೊತ್ತು. ಒದ್ದೆ ಬಟ್ಟೆ ಉಪಾಯವನ್ನ ಮಧುಗಿರಿಗೆ ಇಟ್ಕೊಳ್ಳಿ.

ನಂದಿಗೆ ಸೈಕಲ್ ತುಳಿಯೋರಿಗೆ ಒಂದು ಮಾತು: ಸೈಕಲ್ ಕೇಜ್, ಅಂದ್ರೆ ಸೈಕಲ್‌ಗೆ ಬಿಗಿದಿರೋ ಬಾಟಲ್ ಹಿಡಿ, ಸುಮಾರು 73-74 ಮಿಲಿಮೀಟರ್ ಅಗಲದ ಬಾಟಲ್‌ಗೆ ಮಾಡಿರೋದು. ದಪ್ಪ ಹೊಟ್ಟೆಯ ಸ್ಟೀಲ್ ಬಾಟಲ್ ಅದರಲ್ಲಿ ಕೂರಲ್ಲ, ಟೇಪ್ ಹಿಡಿದು ಅಳೆದು ತಗೊಳ್ಳಿ.

ಕೋಲಾರ ಬೋರ್‌ವೆಲ್:

ಬಿಳಿ ಪದರದ ಬಗ್ಗೆ. ಅದು ಗಡಸು ನೀರಿನ ಸುಣ್ಣ, ಕ್ಯಾಲ್ಸಿಯಂ ಕಾರ್ಬೊನೇಟ್. ಸ್ಟೀಲ್‌ಗೂ ಅದಕ್ಕೂ ಸಂಬಂಧ ಇಲ್ಲ, ಯಾವ ಬಾಟಲ್ ತಂದ್ರೂ ಕೂರುತ್ತೆ. ಬೋರ್ ನೀರು ಬಿಸಿ ಮಾಡಿ ಹಾಕಿದ್ರೆ ಇನ್ನೂ ಬೇಗ. ಉಜ್ಜಿ ತೆಗೀಬೇಡಿ. ಒಂದು ಲೀಟರ್ ಬಿಸಿ ನೀರಿಗೆ ಎರಡು ಟೀ ಚಮಚ ನಿಂಬೆ ಉಪ್ಪು ಹಾಕಿ, ಅಂದ್ರೆ ಸಿಟ್ರಿಕ್ ಆಸಿಡ್, ದಿನಸಿ ಅಂಗಡೀಲಿ ಸಿಗುತ್ತೆ. ಅರ್ಧ ಗಂಟೆ ಬಿಟ್ಟು ಬ್ರಷ್ ಆಡಿಸಿ ತೊಳೆದ್ರೆ ಬಿಟ್ಕೊಳ್ಳುತ್ತೆ. ರಾತ್ರಿಯಿಡೀ ಬಿಡೋದು ಬೇಡ. ಕೊನೇ ಸಲ ಫಿಲ್ಟರ್ ನೀರಲ್ಲಿ ಅಲುಗಿಸಿ ಬಾಯಿ ಕೆಳಗೆ ಮಾಡಿ ಒಣಗಿಸಿ, ಬೋರ್ ನೀರಿನ ಹನಿ ಒಣಗಿದ ಕಡೆಯೇ ಹೊಸ ಪದರ ಶುರುವಾಗೋದು.

ವಾಸನೆ ಬಂದ್ರೆ ತಪ್ಪು ಬಾಟಲ್‌ದಲ್ಲ, ಮುಚ್ಚಳದ ರಬ್ಬರ್ ವಾಷರ್‌ದು. ಹತ್ತರಲ್ಲಿ ಒಂಬತ್ತು ಜನ ಅದನ್ನ ಬಿಚ್ಚೋದೇ ಇಲ್ಲ. ಚಮಚದ ಹಿಡಿಯಿಂದ ಮೆಲ್ಲಗೆ ಎತ್ತಿ ತೆಗೀರಿ (ಚಾಕು ಬೇಡ, ಕಚ್ಚು ಬಿದ್ರೆ ಸೋರುತ್ತೆ), ಕೆಳಗೆ ಕಪ್ಪು ಬೂಷ್ಟು ಕಾಣುತ್ತೆ. ಅರ್ಧ ಲೀಟರ್ ಬಿಸಿ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ವಾಷರ್, ಮುಚ್ಚಳ ಎರಡನ್ನೂ ರಾತ್ರಿ ನೆನೆಸಿ. ಬೆಳಗ್ಗೆ ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ತಿಕ್ಕಿ, ಒಣಗಿದ ಮೇಲೆ ಕೂರಿಸಿ. ತೆಗೆಯುವಾಗ ಯಾವ ಮಗ್ಗುಲು ಮೇಲಿತ್ತು ಅಂತ ನೋಡಿಕೊಳ್ಳಿ. ತಿರುವುಮುರುವಾಗಿ ಹಾಕಿ ‘ಮುಚ್ಚಳ ಹೋಯ್ತು’ ಅನ್ನೋರು ಬಹಳ.

ಸೋಡಾ ಮತ್ತು ನಿಂಬೆ ಉಪ್ಪು ಎರಡನ್ನೂ ಒಟ್ಟಿಗೆ ಬಾಟಲ್‌ಗೆ ಹಾಕಿ ಮುಚ್ಚಬೇಡಿ. ಗ್ಯಾಸ್ ತುಂಬಿ ಮುಚ್ಚಳ ಹಾರುತ್ತೆ, ಮೇಲಾಗಿ ಒಂದು ಇನ್ನೊಂದನ್ನ ಕೊಂದು ಯಾವುದೂ ಕೆಲಸ ಮಾಡಲ್ಲ. ಬ್ಲೀಚಿಂಗ್ ಪೌಡರ್ ಕೂಡ ಬೇಡ, ಅದರ ಕ್ಲೋರೈಡ್ 304ರಲ್ಲೂ ಸೂಜಿಮೊನೆ ತೂತು ಮಾಡುತ್ತೆ. ತಂತಿ ಜುಂಗು ಉಜ್ಜಿದ್ರೆ ಕಬ್ಬಿಣದ ಚೂರು ಅಂಟಿಕೊಂಡು ತುಕ್ಕು ಕಾಣುತ್ತೆ, ಜನ ಬಾಟಲ್‌ಗೆ ಬೈತಾರೆ.

ತಾಮ್ರದ್ದನ್ನ ಬೆಟ್ಟಕ್ಕೆ ಒಯ್ಯಬೇಡಿ, ಮೆದು, ಬೇಗ ನಗ್ಗುತ್ತೆ. ಮನೇಲಿ ಬರೀ ತಣ್ಣೀರಿಗೆ ಇಟ್ಕೊಳ್ಳಿ. ಬಿಸಿ ನೀರು, ನಿಂಬೆ ಪಾನಕ, ಮಜ್ಜಿಗೆ ಅದರೊಳಗೆ ಹಾಕಿದ್ರೆ ತಾಮ್ರ ಹೆಚ್ಚು ಕರಗಿ ವಾಕರಿಕೆ ಬರುತ್ತೆ. ನಮ್ಮ ಜಿಲ್ಲೆಗಳಲ್ಲಿ ಇದನ್ನ ಒತ್ತಿ ಹೇಳಬೇಕು: ತಾಮ್ರದ ಬಾಟಲ್ ಫ್ಲೋರೈಡ್ (ನೀರಲ್ಲಿ ಕರಗಿರುತ್ತೆ, ಹೆಚ್ಚಾದ್ರೆ ಹಲ್ಲು, ಮೂಳೆ ಕೆಡಿಸುತ್ತೆ) ತೆಗೆಯಲ್ಲ. ನೀರು ಕುದಿಸಿದ್ರೂ ಹೋಗಲ್ಲ, ಆವಿಯಾದಷ್ಟೂ ಉಳಿದ ನೀರಲ್ಲಿ ಗಟ್ಟಿಯಾಗುತ್ತೆ. ಕುಡಿಯೋ ನೀರಿಗೆ ಬಿಐಎಸ್ ಹೇಳೋ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ರೆ 1.5. ಆಳದ ಬೋರ್ ನೀರು ಎಷ್ಟೋ ಕಡೆ ಅದನ್ನ ದಾಟುತ್ತೆ. ಬಾಟಲ್ ಯಾವುದಾದ್ರೂ ಇರಲಿ, ತುಂಬೋದು ಘಟಕದ ನೀರೇ ಇರಲಿ.

ಚಿಕ್ಕಬಳ್ಳಾಪುರ ಪ್ಯಾಸೆಂಜರ್:

ತುಂಬಾ ಉಪಕಾರ ಆಯ್ತು ಸರ್, ಎರಡು ಬಾಟಲ್ ಅಂತಲೇ ತೀರ್ಮಾನ. ಬಸ್ಸಿನ ವ್ಯಾಕ್ಯೂಮ್ ಬಾಟಲ್‌ಗೆ ಗುಂಡಿ ಒತ್ತಿ ತೆಗೆಯೋ ಮುಚ್ಚಳ, ಸ್ಟ್ರಾ ಇರೋದು, ಬರೀ ತಿರುಗಿಸೋದು ಇವೆ. ಯಾವುದು? ಒಮ್ಮೊಮ್ಮೆ ಮಜ್ಜಿಗೆ, ಹಾಲು ಹಾಕಿದ ಕಾಫಿ ಒಯ್ಯಬಹುದಾ?

ಗೌರಿಬಿದನೂರು ಅಡುಗೆಮನೆ:

ಲ್ಯಾಪ್‌ಟಾಪ್ ಪಕ್ಕ ಇಡೋದಾದ್ರೆ ಬರೀ ತಿರುಗಿಸೋ ಮುಚ್ಚಳ, ಬೇರೆ ಯೋಚನೆಯೇ ಬೇಡ. ಗುಂಡಿ ಮುಚ್ಚಳದಲ್ಲಿ ಸ್ಪ್ರಿಂಗ್, ಸಣ್ಣ ವಾಷರ್, ಸಂದುಗೊಂದು ಜಾಸ್ತಿ. ಪುಸ್ತಕದ ಒತ್ತಡಕ್ಕೆ ಗುಂಡಿ ತಾನೇ ಒತ್ತಿಹೋಗುತ್ತೆ. ಸ್ಟ್ರಾ ಮುಚ್ಚಳಕ್ಕೆ ಬಿಸಿ ಹಾಕಲೇಬಾರದು. ಒಳಗಿನ ಗಾಳಿ ಹಿಗ್ಗಿ ಬಿಸಿ ನೀರನ್ನ ಕೊಳವೆಯಿಂದ ಮುಖಕ್ಕೆ ಚಿಮ್ಮಿಸುತ್ತೆ.

ಸೋರುತ್ತಾ ಅಂತ ನೋಡೋಕೆ ತಣ್ಣೀರಿನ ಪರೀಕ್ಷೆ ಸಾಲದು. ಮುಕ್ಕಾಲು ಭಾಗ ಬಿಸಿ ನೀರು ಹಾಕಿ, ಮುಚ್ಚಿ, ನಾಲ್ಕು ಸಲ ಅಲುಗಿಸಿ, ಪೇಪರ್ ಮೇಲೆ ಅಡ್ಡ ಮಲಗಿಸಿ ಹತ್ತು ನಿಮಿಷ ಬಿಡಿ. ಒತ್ತಡ ಏರಿದಾಗಲೂ ಪೇಪರ್ ಒದ್ದೆಯಾಗದೆ ಇದ್ರೆ ನಂಬಬಹುದು. ಬಿಸಿ ನೀರು ತಣ್ಣಗಾದ ಮೇಲೆ ಮುಚ್ಚಳ ಕಚ್ಚಿಕೊಂಡು ಬರದಿದ್ರೆ ಇಕ್ಕಳ ಹಾಕಬೇಡಿ, ಮುಚ್ಚಳದ ಮೇಲೆ ಬಿಸಿ ನೀರು ಬಿಟ್ರೆ ಸಡಿಲ ಆಗುತ್ತೆ.

ಜೀರಿಗೆ ನೀರು ಮಧ್ಯಾಹ್ನದ ತನಕ ಬಿಸಿ ಇರಬೇಕಾದ್ರೆ, ಮೊದಲು ಕುದಿಯೋ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಜೀರಿಗೆ ನೀರು ಪೂರ್ತಿ ತುಂಬಿ. ಅರ್ಧ ತುಂಬಿದ ಬಾಟಲ್ ಬೇಗ ಆರುತ್ತೆ. ಜೀರಿಗೆ ಸೋಸಿ ಹಾಕಿ, ಕಾಳು ವಾಷರ್ ಕೆಳಗೆ ಸಿಕ್ಕಿದ್ರೆ ಅಲ್ಲೇ ಸೋರಿಕೆ.

ಹಾಲಿನ ಕಾಫಿ ಹೊಗೆಯಾಡುವಷ್ಟು ಬಿಸಿ ಇರುವಾಗಲೇ ತುಂಬಿ ಮೂರ್ನಾಲ್ಕು ಗಂಟೆಯೊಳಗೆ ಕುಡಿದುಬಿಡಿ. ಉಗುರುಬೆಚ್ಚಗೆ ಹಾಕಿದ್ರೆ ಫ್ಲಾಸ್ಕ್ ಅದನ್ನ ಉಗುರುಬೆಚ್ಚಗೇ ಕಾಪಾಡುತ್ತೆ, ಹಾಲು ಒಡೆಯೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಮಜ್ಜಿಗೆ ಫ್ರಿಜ್ಜಿನಿಂದ ತೆಗೆದ ತಕ್ಷಣ ಹಾಕಿ, ಉಪ್ಪು ಕುಡಿಯುವಾಗ ಸೇರಿಸಿಕೊಳ್ಳಿ, ಮಧ್ಯಾಹ್ನದೊಳಗೆ ಮುಗಿಸಿ. ಸಂಜೆವರೆಗೆ ಬಿಟ್ರೆ ಹುಳಿ ಏರಿ ಗ್ಯಾಸ್ ಕಟ್ಟುತ್ತೆ, ತೆಗೆಯುವಾಗ ಚಿಮ್ಮುತ್ತೆ.

ಮಂಡಿಪೇಟೆ ಪಾತ್ರೆ:

ಮೇಡಂ ಹೇಳಿದ್ದಕ್ಕೆ ಎರಡು ಸೇರಿಸ್ತೀನಿ. ತಗೊಳ್ಳುವಾಗಲೇ ಅದೇ ಮಾದರಿಯ ವಾಷರ್ ಬಿಡಿಯಾಗಿ ಸಿಗುತ್ತಾ ಕೇಳಿ, ಸಿಕ್ಕಿದ್ರೆ ಒಂದು ಜಾಸ್ತಿ ತಗೊಳ್ಳಿ. ಸಿಗದಿದ್ರೆ ಸಿಗೋ ಮಾದರಿಗೇ ಹೋಗಿ, ಅಂದಚಂದ ಆಮೇಲೆ. ಇನ್ನೊಂದು, ವ್ಯಾಕ್ಯೂಮ್ ಬಾಟಲ್ ತಳದಲ್ಲಿ ಒಂದು ಮುಚ್ಚು ಬಿಲ್ಲೆ ಇರುತ್ತೆ. ಗಾಳಿ ಎಳೆದ ತೂತನ್ನ ಮುಚ್ಚಿರೋದು ಅದರ ಕೆಳಗೆ, ಕೆಲವು ತಯಾರಿಕೆಯಲ್ಲಿ ಆ ಬೆಸುಗೆಗೆ ಸೀಸ ಬಳಸ್ತಾರೆ. ಬಿಲ್ಲೆ ಗಟ್ಟಿಯಾಗಿ ಇರೋ ತನಕ ನೀರಿಗೂ ಕೈಗೂ ತಾಗಲ್ಲ. ಬಿದ್ದು ಬಿಲ್ಲೆ ಕಳಚಿಕೊಂಡ್ರೆ ಗೋಂದು ಹಾಕಿ ಅಂಟಿಸೋ ಉಸಾಬರಿ ಬೇಡ, ಆ ಬಾಟಲ್ ಗುಜರಿಗೆ ಹಾಕಿ.