ಬಲಗೈಗೆ ಪೆಟ್ಟು, ಎಡಗೈಲಿ ಪಿಸ್ತೂಲು: ಫಿಸಿಯೋ ಮೇಡಂನ ಕೇಳಿ

ಫಿಸಿಯೋ: ಕೈ ಗಾಯಗಳನ್ನೇ ಹೆಚ್ಚು ನೋಡುತ್ತೇನೆ, ಏರ್ ಪಿಸ್ತೂಲೂ ಹೊಡೆಯುತ್ತೇನೆ. ಕೇಳಿ.

ಹತ್ತು ಮೀಟರ್: ಬಲಗೈ ಬೆರಳು ಮುರಿದಿದೆ ಮೇಡಂ. ಎಡಗೈಲಿ ಎಲ್ಲಿಂದ ಶುರು ಮಾಡಲಿ?

ಫಿಸಿಯೋ: ಗುಂಡಿಲ್ಲದೆ. ಪಿಸ್ತೂಲು ಖಾಲಿಯಿದೆ ಅಂತ ಎರಡು ಸಲ ನೋಡಿ. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಗಟ್ಟಿ ಗೋಡೆಯತ್ತ ಹಿಡಿದು ಟ್ರಿಗರ್ ಒತ್ತಿ. ತೋಳು ನಡುಗಿದರೆ ಅಂದಿಗೆ ಸಾಕು. ಬಲಗೈ ಗ್ರಿಪ್ (ಹಿಡಿ) ಎಡಗೈಗೆ ಕೂರಲ್ಲ, ಬದಲಿಸಿ.

ಗುರಿಗಾರ: ನನಗೆ ಬಲಗಣ್ಣು ಜೋರು. ಎಡಗೈಲಿ ಹಿಡಿದರೆ ಯಾವ ಕಣ್ಣಲ್ಲಿ ನೋಡಲಿ?

ಫಿಸಿಯೋ: ಬಲಗಣ್ಣಲ್ಲೇ ನೋಡಬಹುದು. ಕುತ್ತಿಗೆ ತಿರುಚಬೇಡಿ, ಪಾದದ ನಿಲುವು ಬದಲಿಸಿ.

ಮಣಿಕಟ್ಟು: ಹನ್ನೆರಡು ದಿನದ ಹಿಂದೆ ಬಲಗೈ ಊರಿ ಬಿದ್ದೆ. ಅವತ್ತೇ ಎಕ್ಸ್‌ರೇ ಆಯ್ತು, ಮುರಿದಿಲ್ಲ ಅಂದರು. ಎಡಗೈಲಿ ಹೊಡೀತಿದ್ದೇನೆ, ಆದರೆ ಪ್ರತಿ ಹೊಡೆತಕ್ಕೂ ಪಿಸ್ತೂಲು ಸಜ್ಜು ಮಾಡೋ ಲಿವರ್ (ಸನ್ನೆ) ಬಲಗೈಲೇ ಎಳೀಬೇಕು. ಎಳೆದಾಗಲೆಲ್ಲ ಹೆಬ್ಬೆರಳ ಬುಡದಲ್ಲಿ ಚುಚ್ಚುತ್ತೆ.

ಫಿಸಿಯೋ: ಇದನ್ನು ಓದಿ ನನಗೆ ಭಯವಾಯ್ತು. ಹೆಬ್ಬೆರಳನ್ನು ಮೇಲಕ್ಕೆತ್ತಿ. ಅದರ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಎರಡು ನರದಂಥ ಎಳೆಗಳ ನಡುವೆ ಸಣ್ಣ ಗುಳಿ ಬೀಳುತ್ತೆ. ಅಲ್ಲಿ ಒತ್ತಿದರೆ ನೋವಾಗುತ್ತಾ? ಅದರ ಕೆಳಗೆ ಸ್ಕ್ಯಾಫಾಯ್ಡ್ ಅನ್ನೋ ಪುಟ್ಟ ಮೂಳೆ ಇದೆ. ಅದು ಬಿರುಕು ಬಿಟ್ಟರೂ ಮೊದಲ ದಿನದ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣಲ್ಲ. ಅದಕ್ಕೇ ಹತ್ತು ಹದಿನಾಲ್ಕು ದಿನದ ಮೇಲೆ ಮತ್ತೆ ತೆಗೆಸೋದು, ಇಲ್ಲವೇ ಎಂಆರ್‌ಐ ಮಾಡಿಸೋದು. ಆ ಮೂಳೆಗೆ ರಕ್ತ ಹೋಗೋದು ಒಂದು ತುದಿಯಿಂದಲೇ ಜಾಸ್ತಿ. ಬಿಟ್ಟರೆ ಕೂಡದೇ ಇರಬಹುದು, ಒಂದು ಭಾಗ ಸತ್ತೂ ಹೋಗಬಹುದು. ಲಿವರ್ ಮುಟ್ಟಬೇಡಿ. ಮೂಳೆ ಡಾಕ್ಟರ ಹತ್ತಿರ ಹೋಗಿ, ಹೀಗೆ ನೋವಿದೆ ಅಂತ ತೋರಿಸಿ.

ಮಣಿಕಟ್ಟು: ಒತ್ತಿದೆ ಮೇಡಂ. ನೋವಿದೆ. ಎಡಗೈಗಿಂತ ಬಲಗೈಲೇ ಜಾಸ್ತಿ.

ಹಿತೈಷಿ: ಫಾರ್ವರ್ಡ್ ಬಂದಿತ್ತು. ಬಿಸಿ ಎಣ್ಣೆ ಹಚ್ಚಿ ಹೆಬ್ಬೆರಳನ್ನು ಜೋರಾಗಿ ಜಗ್ಗಿದರೆ ಮೂರೇ ದಿನದಲ್ಲಿ ಸರಿಯಂತೆ.

ಫಿಸಿಯೋ: ಯಾರೂ ಜಗ್ಗಬೇಡಿ. ಮುರಿದಿರಬಹುದಾದ ಮೂಳೆ ಅದು. ಇಂಥದ್ದನ್ನು ಇಲ್ಲಿ ಹಾಕಬೇಡಿ.

ರೇಂಜ್ ಗೆಳೆಯ: ಮನಸ್ಸಿದ್ದರೆ ಆಗುತ್ತೆ. ಹಂಗೇರಿಯ ಕಾರೊಯ್ ಟಕಾಚ್‌ಗೆ 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ತೀವ್ರ ಜಖಂ ಆಯ್ತು. ಎಡಗೈಲಿ ಕಲಿತು 1948ರ ಲಂಡನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಎರಡರಲ್ಲೂ ಚಿನ್ನ ಗೆದ್ದ!

ಗುರಿಗಾರ: ಅವನು ಮೊದಲೇ ನುರಿತ ಶೂಟರ್. ಹೊಸಬರಿಗೆ ಅದನ್ನು ಹೇಳಿ ಹುರಿದುಂಬಿಸಬೇಡಿ.

ರೇಂಜ್ ಗೆಳೆಯ: ಹುರಿದುಂಬಿಸಿದರೆ ತಪ್ಪೇನು? ನೀವು ಎಡಗೈಲಿ ಎಷ್ಟು ಹೊಡೆದಿದ್ದೀರಿ?

ಗುರಿಗಾರ: ಎರಡು ವರ್ಷ. ನೀವು?

ಎಡಗೈ ಹೊಸಬ: ಎಡ ತೋಳಿಗೆ ಡಂಬೆಲ್ ಎಷ್ಟು ಕೆಜಿ ಇರಬೇಕು ಮೇಡಂ?

ರೇಂಜ್ ಗೆಳೆಯ: ವರ್ಷ ಎಣಿಸಿ ಯಾರೂ ಗುರು ಆಗಲ್ಲ ಸ್ವಾಮಿ.

ಇಪ್ಪತ್ತೈದು ಮೀಟರ್: ಬಲಗೈ ಬೆರಳು ಮುರಿದಿದೆ. ಎಡಗೈಲಿ ಎಲ್ಲಿಂದ ಶುರು ಮಾಡಲಿ?

ಫಿಸಿಯೋ: ಮೇಲೆ ಹೇಳಿದ್ದೇನೆ. ಓದಿ.

ಇಪ್ಪತ್ತೈದು ಮೀಟರ್: ಓದಿದೆ. ನೋವಿನ ಮಾತ್ರೆ ತಗೊಂಡು ರೇಂಜಿಗೆ ಹೋಗಬಹುದಾ?

ಫಿಸಿಯೋ: ಮಂಪರು ಬರಿಸೋ ಮಾತ್ರೆ ತಗೊಂಡರೆ ಪಿಸ್ತೂಲು ಮುಟ್ಟಲೇಬಾರದು. ಎಡಗೈಲಿ ಗುಂಡು ತುಂಬುವಾಗ ನಳಿಗೆ ಪಕ್ಕಕ್ಕೆ ತಿರುಗೋದನ್ನು ನಾನೇ ನೋಡಿದ್ದೇನೆ. ಪಕ್ಕದಲ್ಲಿ ಜನ ನಿಂತಿರುತ್ತಾರೆ.

ಹಿತೈಷಿ: ಎಣ್ಣೆಯಿಂದ ನಮ್ಮ ಮನೆಯಲ್ಲಿ ವಾಸಿಯಾಗಿದೆ. ಡಾಕ್ಟರ್‌ಗಳಿಗೆ ಇದೆಲ್ಲ ಗೊತ್ತಿರಲ್ಲ.

ಫಿಸಿಯೋ: ಇನ್ನೊಮ್ಮೆ ಹಾಕಿದರೆ ಅಡ್ಮಿನ್‌ಗೆ ತೆಗೆಯಲು ಹೇಳುತ್ತೇನೆ. ಮಣಿಕಟ್ಟು ಅವರೇ, ಡಾಕ್ಟರಿಗೆ ತೋರಿಸಿದಿರಾ?

ಮಣಿಕಟ್ಟು: ಇನ್ನೂ ಇಲ್ಲ ಮೇಡಂ. ಭಾನುವಾರ ಪಂದ್ಯ ಇದೆ, ಸೋಮವಾರ ಹೋಗ್ತೀನಿ.

ಫಿಸಿಯೋ: ಸೋಮವಾರ ಬೇಡ, ನಾಳೆಯೇ ಹೋಗಿ. ಪಂದ್ಯದಲ್ಲೂ ಆ ಲಿವರ್ ಎಳೆಯೋದು ಅದೇ ಕೈಯಲ್ಲಿ ಅಲ್ವಾ?